ಹದಿನೇಳನೆಯ ಮಣೆಯ ಜೋಡಿ

ನಮ್ಮೂರಲ್ಲಿ ಯಾವ ವಸ್ತುವಿಗೂ ತಾನು ಏನೆಂದು ತಾನೇ ಹೇಳಿಕೊಳ್ಳುವ ಅಧಿಕಾರವಿಲ್ಲ. ಮುಖ ನೋಡದ ಇಬ್ಬರು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಕೂತು, ಅದನ್ನು ಒಂದೇ ಹೆಸರಿನಿಂದ ಕರೆಯಬೇಕು. ಆಗ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದ ಮೇಲೆ ಕೊಡೆ ಕೊಡೆಯಾಗುತ್ತದೆ, ಕತ್ತೆ ಕತ್ತೆಯಾಗುತ್ತದೆ. ಅಲ್ಲಿಯವರೆಗೆ ಪೆದ್ದಣ್ಣನ ಪಾಲಿಗೆ ಎರಡೂ ಒಂದೇ.

ಪೆದ್ದಣ್ಣ ಅಂದರೆ ನಮ್ಮೂರನ್ನು ನಡೆಸುವ ಯಂತ್ರ. ಗೋಪುರದ ಬುಡದಲ್ಲಿದ್ದಾನೆ. ನಲ್ಲಿಗೆ ನೀರು ಬಿಡುವವನು, ಶಾಲೆಯ ಗಂಟೆ ಹೊಡೆಯುವವನು, ಕತ್ತಲಾದಾಗ ಬೀದಿದೀಪ ಹಚ್ಚುವವನು, ಕಿಂಡಿಯ ಮುಂದೆ ನಿಂತು ಇಂಥದ್ದು ಬೇಕು ಎಂದರೆ ಕೊಡುವವನು, ಎಲ್ಲ ಅವನೇ. ಲೆಕ್ಕದಲ್ಲಿ ಅವನನ್ನು ಮೀರಿಸುವವರಿಲ್ಲ. ಊರಿನ ಮರಗಳಲ್ಲಿ ಒಟ್ಟು ಎಲೆ ಎಷ್ಟು ಎಂದು ಕೇಳಿ, ನೀವು ಬಾಯಲ್ಲಿದ್ದ ಅಡಿಕೆ ಜಗಿದು ಮುಗಿಸುವುದರೊಳಗೆ ಹೇಳುತ್ತಾನೆ. ಆದರೆ ಒಂದು ಬೆಕ್ಕು ತೋರಿಸಿದರೆ ಬೆಪ್ಪಾಗಿ ಕೂತುಬಿಡುತ್ತಾನೆ. ಇದೇನು ಅಂತ ನಮ್ಮನ್ನೇ ಕೇಳಬೇಕು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಯೋಚನೆ ಮಾಡಿಯೇ ಇಟ್ಟಿದ್ದಾರೆ.

ಅವನು ಕೇಳುವ ಜಾಗ ಗೋಡೆಮನೆ. ಉದ್ದನೆಯ ಕಟ್ಟಡ, ನಡುವೆ ಒಂದೂವರೆ ಮೊಳ ದಪ್ಪದ ಕಲ್ಲಿನ ಗೋಡೆ. ಈಚೆ ನಲವತ್ತು ಮಣೆ, ಆಚೆ ನಲವತ್ತು ಮಣೆ. ಈಚಿನವರು ಬರುವುದು ಮೂಡಲ ಬಾಗಿಲಿನಿಂದ, ಆಚಿನವರು ಪಡುವಲ ಬಾಗಿಲಿನಿಂದ. ಪ್ರತಿ ಮಣೆಯ ಮುಂದೆ ಒಂದು ಗಾಜು, ಒಂದು ಕೊಳವೆ, ಒಂದು ಬೋಗುಣಿ. ಗಾಜಿನಲ್ಲಿ ಚಿತ್ರ ಮೂಡುತ್ತದೆ. ನೋಡಿದ್ದಕ್ಕೆ ಒಂದು ಹೆಸರನ್ನು ಕೊಳವೆಯಲ್ಲಿ ಹೇಳಬೇಕು. ಗೋಡೆಯಾಚೆ ಅದೇ ಮಣೆಯಲ್ಲಿ ಕೂತವರೂ ಅದನ್ನೇ ಹೇಳಿದ್ದರೆ ಗಂಟೆ ಹೊಡೆದು ಬೋಗುಣಿಗೆ ಒಂದು ಹುಣಸೆ ಬೀಜ ಬೀಳುತ್ತದೆ. ಮೂರು ಸಲ ತಪ್ಪಿದರೆ ಚಿತ್ರ ಹೋಗುತ್ತದೆ. ಇಷ್ಟೇ ಆಟ. ಬೆಳಿಗ್ಗೆ ಒಂದು ತಾಸು ಎಲ್ಲರೂ ಆಡುತ್ತೇವೆ. ಬೀಜ ಹೆಚ್ಚು ಬಂದವರಿಗೆ ಊಟದ ಪಂಕ್ತಿಯಲ್ಲಿ ಮೊದಲ ಎಲೆ, ಅದು ಬಿಟ್ಟರೆ ಬೇರೆ ಲಾಭವಿಲ್ಲ. ಆದರೂ ಹಟ ಹಿಡಿದು ಆಡುತ್ತೇವೆ.

ಮೂಡಲ ಬಾಗಿಲಿನವರು ಪಡುವಲ ಬಾಗಿಲಿನವರಿಗೆ ತಮ್ಮ ಮಣೆಯ ಸಂಖ್ಯೆ ಹೇಳಬಾರದು. ಜೋಡಿ ಯಾರೆಂದು ಗೊತ್ತಾದರೆ ಮೊದಲೇ ಮಾತಾಡಿಕೊಂಡು ಬರುತ್ತಾರಲ್ಲ! ಮದುವೆ ಮಾತುಕತೆಯಲ್ಲಿ ಜಾತಕ ಕೇಳಬಹುದು, ಕಾಯಿಲೆ ಕಸಾಲೆ ಕೇಳಬಹುದು, ಮಣೆ ಕೇಳುವ ಹಾಗಿಲ್ಲ.

ನನ್ನ ಹೆಸರು ಹಾಲಪ್ಪ. ಸಂತೆ ಬೀದಿಯ ತಿರುವಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮೂಡಲ ಬಾಗಿಲು, ಹದಿನೇಳನೆಯ ಮಣೆ. ಹೆಂಡತಿ ತೀರಿಕೊಂಡ ವರ್ಷ ಆ ಮಣೆ ಸಿಕ್ಕಿತು. ಮನೆಯಲ್ಲಿ ತಂಗಿ ಕಮಲಿ ಇದ್ದಾಳೆ, ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾಳೆ, ಬಾಯಿಗೆ ಮಾತ್ರ ಗುಂಡಿಯಿಲ್ಲ. ಆದರೆ ಆ ದಿನಗಳಲ್ಲಿ ನನಗೆ ನಿಜವಾಗಿ ಜೊತೆಯಾಗಿದ್ದವರು ಗೋಡೆಯಾಚೆಯವರು. ಗಂಡಸೋ ಹೆಂಗಸೋ ಗೊತ್ತಿಲ್ಲ. ಕೆಮ್ಮಿದ್ದೂ ಕೇಳಿಲ್ಲ. ಗಂಟೆ ಒಂದೇ ನಮ್ಮ ನಡುವಿನ ಮಾತು.

ಮೊದಮೊದಲು ಹೊಂದಿಕೆಯಾಗಲಿಲ್ಲ. ಒಂದು ದಿನ ಗಾಜಿನಲ್ಲಿ ಹಿತ್ತಾಳೆಯ ಬಿಂದಿಗೆ ಬಂತು. ನಾನು ಮೂರು ಸಲವೂ 'ಕೊಡ' ಎಂದೆ. ಗಂಟೆಯಿಲ್ಲ. ಆಚೆಯವರ ಮನೆಯಲ್ಲಿ ಬಿಂದಿಗೆ ಅನ್ನುತ್ತಾರೇನೋ ಎಂದುಕೊಂಡು, ವಾರದ ಮೇಲೆ ಅದೇ ಚಿತ್ರ ಬಂದಾಗ 'ಬಿಂದಿಗೆ' ಎಂದೆ. ಗಂಟೆಯಿಲ್ಲ. ಪಾಪ, ಅವರು ನನಗೋಸ್ಕರ 'ಕೊಡ' ಎಂದಿದ್ದರು ಅಂತ ಕಾಣುತ್ತದೆ. ಇನ್ನೊಂದು ವಾರಕ್ಕೆ ನಾನು 'ಕೊಡ'ಕ್ಕೆ ವಾಪಸು ಬಂದೆ, ಅವರು 'ಬಿಂದಿಗೆ'ಗೆ ವಾಪಸು ಹೋದರು. ನೀನು ಮುಂದೆ ಹೋಗು, ಇಲ್ಲ ನೀನು ಹೋಗು ಎಂದು ಬಾಗಿಲಲ್ಲೇ ನಿಂತುಬಿಡುವ ನೆಂಟರ ಹಾಗೆ ನಾಲ್ಕು ತಿಂಗಳು ಕಳೆದೆವು. ಕಡೆಗೆ ನನಗೆ ತಾಳ್ಮೆ ತಪ್ಪಿ 'ನೀರು' ಎಂದೆ. ಗಂಟೆ ಹೊಡೆಯಿತು. ಅವರಿಗೂ ಅದೇ ಗಳಿಗೆಯಲ್ಲಿ ತಾಳ್ಮೆ ತಪ್ಪಿತ್ತು. ಅವತ್ತು ನಾನು ಮನೆಗೆ ಬಂದು ಎರಡು ಮುದ್ದೆ ಹೆಚ್ಚು ಉಂಡೆ.

ಅಲ್ಲಿಂದ ಮುಂದೆ ನಾನು ಗಾಜಿನಲ್ಲಿ ಕಂಡದ್ದನ್ನು ಹೇಳುವುದು ಬಿಟ್ಟೆ. ಆಚೆಯವರು ಏನು ಹೇಳಬಹುದೋ ಅದನ್ನು ಹೇಳತೊಡಗಿದೆ. ಅದು ತಪ್ಪೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಊರಿನವರೆಲ್ಲ ಹೀಗೇ ಆಡುತ್ತಾರೆಂದು ಆಮೇಲೆ ತಿಳಿಯಿತು.

ಹೀಗೆ ಹತ್ತು ವರ್ಷ ನಡೆಯಿತು. ಹತ್ತನೆಯ ವರ್ಷ ನನ್ನ ಕಣ್ಣು ಮಂಜಾಯಿತು. ಮೊದಲು ಸೈಕಲ್ ಚೈನಿನ ಕೊಂಡಿ ಕಾಣದಾಯಿತು, ಆಮೇಲೆ ಸೈಕಲ್ಲೇ ಕಾಣದಾಯಿತು. ಡಾಕ್ಟರು, ನರ ಒಣಗಿದೆ, ಕನ್ನಡಕ ಹಾಕಿದರೆ ಮೂಗಿಗೆ ಭಾರ ಅಷ್ಟೇ ಎಂದರು. ಅಂಗಡಿಗೆ ತೊಂದರೆಯಾಗಲಿಲ್ಲ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿ ಏಳುತ್ತದೆಂದು ಬೆರಳಿಗೇ ಗೊತ್ತಾಗುತ್ತದೆ. ಆದರೆ ಕಣ್ಣಿಲ್ಲದವರು ಮಣೆಯಲ್ಲಿ ಕೂರುವ ಹಾಗಿಲ್ಲ. ಅದು ಊರಿನ ನಿಯಮ, ನ್ಯಾಯವಾದ ನಿಯಮ. ಸತ್ಯ ಹೇಳಿ ಎದ್ದುಬರುವುದೆಂದು ನಿರ್ಧರಿಸಿ, ಕಡೆಯ ಸಲ ಕೂರೋಣವೆಂದು ಹೋದೆ. ಗಾಜು ಬೆಚ್ಚಗಾದದ್ದು ಮುಖಕ್ಕೆ ತಾಗಿತು, ಚಿತ್ರ ಬಂದಿದೆ ಎಂದರ್ಥ. ಏನು ಚಿತ್ರವೋ ದೇವರಿಗೇ ಗೊತ್ತು. ಅಭ್ಯಾಸಬಲದಿಂದ 'ನೀರು' ಎಂದೆ.

ಗಂಟೆ ಹೊಡೆಯಿತು.

ನಾನು ಏಳಲಿಲ್ಲ. ನೀರಾದ ಮೇಲೆ ಬೆಂಕಿ ಎಂದೆ, ಗಂಟೆ. ಬೆಂಕಿಯಾದ ಮೇಲೆ ದೀಪ, ಗಂಟೆ. ದೀಪ ಹಚ್ಚುವುದು ಯಾವಾಗ? 'ಸಂಜೆ' ಎಂದೆ. ಮತ್ತೆ ಗಂಟೆ. ಕಣ್ಣು ಹೋದವನಿಗೆ ದೇವರು ಒಳಗಣ್ಣು ಕೊಟ್ಟಿದ್ದಾನೆ, ಚಿತ್ರ ನೇರವಾಗಿ ಮನಸ್ಸಿಗೇ ಬರುತ್ತಿದೆ ಎಂದು ನಂಬಿಬಿಟ್ಟೆ. ಎರಡು ವರ್ಷದಲ್ಲಿ ನಮ್ಮ ಜೋಡಿ ಊರಿಗೇ ಮೊದಲಾಯಿತು. ಮೊದಲ ಎಲೆಯ ಮುಂದೆ ನನ್ನನ್ನು ಕೂರಿಸುತ್ತಿದ್ದರು, ಎಲೆ ಎಲ್ಲಿದೆ ಅಂತ ಕಮಲಿ ನನ್ನ ಕೈ ಹಿಡಿದು ತೋರಿಸುತ್ತಿದ್ದಳು. ಬೋಗುಣಿ ತುಂಬಿಸುವವನ ಕಣ್ಣಿನ ವಿಚಾರ ಯಾರು ಕೇಳುತ್ತಾರೆ?

ಡಾಕ್ಟರನ್ನು ಬಿಟ್ಟರೆ ಕಮಲಿಯೊಬ್ಬಳಿಗೆ ಗೊತ್ತಿತ್ತು. "ಅಣ್ಣಾ, ಕಣ್ಣಿದ್ದಾಗ ಬೋಗುಣಿ ತಳ ಕಾಣ್ತಿತ್ತು, ಕಣ್ಣು ಹೋದ್ಮೇಲೆ ತುಂಬಿ ಚೆಲ್ತಾ ಇದೆ. ಇದೇನು ಲಕ್ಷಣಾನೋ ನಂಗಂತೂ ಅರ್ಥ ಆಗ್ತಿಲ್ಲ" ಎನ್ನುತ್ತಿದ್ದಳು. ಅನ್ನುತ್ತಲೇ ದಿನಾ ಬೆಳಿಗ್ಗೆ ಕೈಹಿಡಿದು ಗೋಡೆಮನೆಯ ಮೆಟ್ಟಿಲು ಹತ್ತಿಸುತ್ತಿದ್ದಳು. ನೋಡಿದವರು ಅಣ್ಣ ತಂಗಿಯರ ಪ್ರೀತಿ ಎಂದುಕೊಂಡರು.

ಅದೇ ಎರಡು ವರ್ಷದಲ್ಲಿ ಪೆದ್ದಣ್ಣನ ಬುದ್ಧಿ ಸ್ವಲ್ಪ ಅತ್ತಿತ್ತ ಆಯಿತು. ಕಿಂಡಿಯ ಮುಂದೆ ದೀಪ ಬೇಕೆಂದರೆ ಬದನೆಕಾಯಿ ಕೊಡತೊಡಗಿದ. ಒಲೆಗೆ ಬೆಂಕಿ ಕೇಳಿದರೆ ಒಂದು ಜೊತೆ ಚಪ್ಪಲಿ. ಶಾಲೆ ಬಿಡುವ ಗಂಟೆ ಸಂಜೆಗೆ ಹೊಡೆಯುವುದು ಬಿಟ್ಟು ಕಾಗೆ ಕಂಡಾಗ ಹೊಡೆಯತೊಡಗಿತು. ಊರಿನವರು ನಾಲ್ಕು ದಿನ ಗೊಣಗಿ, ಐದನೆಯ ದಿನ ಹೊಂದಿಕೊಂಡರು. ದೀಪ ಬೇಕಾದವರು ಬದನೆಕಾಯಿ ಕೇಳಿ ನೋಡಿದರು, ಸಿಕ್ಕಿತು; ಪೆದ್ದಣ್ಣ ಎರಡರ ಹೆಸರನ್ನೂ ಅದಲುಬದಲು ಮಾಡಿಕೊಂಡಿದ್ದ. ಮಕ್ಕಳು ಜೇಬಿನಲ್ಲಿ ಮಂಡಕ್ಕಿ ಇಟ್ಟುಕೊಂಡು ಹೋಗಿ, ಲೆಕ್ಕದ ಪಾಠ ಶುರುವಾದ ಕೂಡಲೇ ಕಿಟಕಿಯಿಂದಾಚೆ ಚೆಲ್ಲುತ್ತಿದ್ದವು. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಅತ್ತೆ ಮೊದಲು ಕಲಿಸುತ್ತಿದ್ದದ್ದು ಕಿಂಡಿಯಲ್ಲಿ ಯಾವುದಕ್ಕೆ ಯಾವುದನ್ನು ಕೇಳಬೇಕೆಂದು.

ಎಲ್ಲರಿಗಿಂತ ಜೋರಾಗಿ ಗೊಣಗಿದವನು ನಾನು. "ಪಡುವಲ ಬಾಗಿಲಿನ ಪಡ್ಡೆ ಹುಡುಗರು ನೆಟ್ಟಗೆ ನೋಡಿ ಹೇಳಲ್ಲ, ಅದಕ್ಕೇ ಪೆದ್ದಣ್ಣ ಕೆಟ್ಟ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕುವುದು ಅಂದರೆ ಇದೇ. ದೀಪ, ಬೆಂಕಿ, ಸಂಜೆ, ಈ ಮೂರೂ ನನ್ನ ಬಾಯಿಂದಲೇ ಬಂದ ಮಾತು ಅಂತ ಆಗ ಹೊಳೆಯಲಿಲ್ಲ. ಹೊಳೆಯದೇ ಇದ್ದದ್ದಲ್ಲ, ಹೊಳೆಯಲು ಬಿಡಲಿಲ್ಲ ಎನ್ನುವುದೇ ಸರಿ.

ಹನ್ನೆರಡು ವರ್ಷ ತುಂಬುವುದಕ್ಕೆ ಒಂದು ವಾರ ಇರುವಾಗ ಗೋಡೆಮನೆಯ ನಮ್ಮ ಬದಿಯ ಮೇಲ್ವಿಚಾರಕ ಗುರುಶಾಂತಪ್ಪನವರು ಅಂಗಡಿಗೆ ಬಂದರು. "ಹಾಲಪ್ಪನೋರೇ, ಬರೋ ಸೋಮವಾರ ನಿಮ್ಮ ಕಲ್ಲು ತೆಗೀತೀವಿ" ಎಂದರು. ನನ್ನ ಕೈಯಲ್ಲಿದ್ದ ಪಂಪು ಕೆಳಗೆ ಬಿತ್ತು.

ಕಲ್ಲು ತೆಗೆಯುವುದು ನಮ್ಮೂರಿನ ದೊಡ್ಡ ಮರ್ಯಾದೆ. ಹನ್ನೆರಡು ವರ್ಷ ಒಂದೇ ಮಣೆಯಲ್ಲಿ ಆಡಿದ ಜೋಡಿಗೆ ಗೋಡೆಯ ಒಂದು ಕಲ್ಲನ್ನು ಮುಖದ ಮಟ್ಟದಲ್ಲಿ ಈಚೆ ಎಳೆಯುತ್ತಾರೆ. ಇಬ್ಬರೂ ಹತ್ತು ಎಣಿಸುವಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಬೇಕು, ಮಾತಾಡಬಾರದು. ಪೆದ್ದಣ್ಣನೂ ಮೇಲಿನಿಂದ ಎರಡೂ ಮುಖ ನೋಡುತ್ತಿರುತ್ತಾನೆ. ಕಲ್ಲು ಮುಚ್ಚಿದ ಮೇಲೆ, ಏನು ಕಂಡಿತು ಅಂತ ಇಬ್ಬರೂ ಕೊಳವೆಯಲ್ಲಿ ಒಂದೇ ಮಾತು ಹೇಳಬೇಕು. ಒಂದೇ ಅವಕಾಶ. 'ಮುಖ' ಅನ್ನುವ ಹಾಗಿಲ್ಲ, ಅದು ಪೆದ್ದಣ್ಣನಿಗೂ ಗೊತ್ತು. ಗಂಟೆ ಹೊಡೆದರೆ ಬದುಕಿರುವವರೆಗೂ ಮಣೆ ನಿಮ್ಮದು, ಯಾರೂ ಎಬ್ಬಿಸುವ ಹಾಗಿಲ್ಲ. ಹೊಡೆಯದಿದ್ದರೆ ಇಬ್ಬರೂ ಅವತ್ತೇ ಏಳಬೇಕು. ಎಂಟು ವರ್ಷದ ಹಿಂದೆ ಕಲ್ಲು ತೆಗೆದಾಗ ಎರಡು ಕಡೆಯೂ ಇದ್ದವರು ಮಾತು ಬಿಟ್ಟಿದ್ದ ಭಾವ-ಭಾವಮೈದುನರು. ಇಬ್ಬರೂ 'ಥೂ' ಎಂದರು. ಗಂಟೆ ಹೊಡೆಯಿತು. ಆಮೇಲೆ ಎರಡು ತಿಂಗಳು ಪೆದ್ದಣ್ಣ ಯಾರ ಮುಖ ಕಂಡರೂ ಕಿಂಡಿಯಿಂದ 'ಥೂ' ಎನ್ನುತ್ತಿದ್ದ. ಊರು ಅದಕ್ಕೂ ಹೊಂದಿಕೊಂಡಿತ್ತು.

ಮಣೆ ಹೋದರೆ ಊರಿಗೇನೂ ಆಗುವುದಿಲ್ಲ. ನನಗೆ ಮಾತ್ರ ಬೆಳಿಗ್ಗೆ ಏಳಲು ಕಾರಣವಿರುವುದಿಲ್ಲ. ಇದನ್ನು ಕಮಲಿಗೆ ಹೇಳಿದೆ. ಅವಳು ಬಾಯಿಯಿಂದ ದಾರ ತೆಗೆದು, "ಹನ್ನೆರಡು ವರ್ಷ ಆದ್ಮೇಲೆ ಜೋಡಿ ಮುಖ ನೋಡಿದ್ರೆ ಯಾರಾದ್ರೂ ನಗ್ತಾರೆ. 'ನಗು' ಅಂದ್ಬಿಡು. ನೀನೂ ಹಲ್ಲು ಬಿಟ್ಕೊಂಡು ನಿಂತ್ಕೋ. ಅವರೂ ಅದನ್ನೇ ಹೇಳ್ತಾರೆ" ಎಂದಳು.

"ಅವರು ಅಳ್ತಾ ಇದ್ರೆ?"

"ನಿನ್ನ ಮುಖ ನೋಡಿ ಅಳೋ ಅಂಥಾದ್ದೇನಿದೆ? ಕ್ಷೌರ ಮಾಡಿಸ್ಕೋ, ಸಾಕು."

ಕ್ಷೌರ ಮಾಡಿಸಿಕೊಂಡೆ. ಒಂದು ವಾರ ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡಿದೆ. ಕನ್ನಡಿ ಯಾಕೆ ಎಂದು ಕಮಲಿ ಕೇಳಿದಳು.

ಸೋಮವಾರ ಬೆಳಿಗ್ಗೆ ಗೋಡೆಮನೆಯ ಎರಡು ಬದಿಯಲ್ಲೂ ಜನ ಕಿಕ್ಕಿರಿದಿದ್ದರು. ಹೊಸ ಬಟ್ಟೆಯ ಸರಪರ, ಹೂವಿನ ವಾಸನೆ, ಮಕ್ಕಳು ಎಲ್ಲಿ ಕಾಗೆ ಕರೆದು ಗಂಟೆ ಗೊಂದಲ ಮಾಡುತ್ತವೋ ಎಂದು ಮೇಷ್ಟರು ಜೇಬು ತಪಾಸಣೆ ಮಾಡುವ ಸದ್ದು. ಗುರುಶಾಂತಪ್ಪನವರು ನನ್ನ ಭುಜ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದರು. ಹಾರೆ ತಾಗಿತು. ಕಲ್ಲು ಕಿರುಗುಟ್ಟುತ್ತ ಈಚೆ ಬಂತು. ಹನ್ನೆರಡು ವರ್ಷ ಗಂಟೆಯಾಗಿಯಷ್ಟೇ ಗೊತ್ತಿದ್ದವರ ಉಸಿರು ನನ್ನ ಮುಖಕ್ಕೆ ತಾಗಿತು. ಏಲಕ್ಕಿ ಅಗಿದ ಉಸಿರು. ನಾನು ಹಲ್ಲು ಬಿಟ್ಟು ನಿಂತೆ.

ಹೊರಗೆ ಜನ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ನನ್ನೆದುರು ಗೇಣುದೂರದಲ್ಲಿ ಒಂದು ಮುಖವಿತ್ತು. ಅದನ್ನು ನೋಡಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂದು ಆಗಲೇ ನನಗೆ ತಿಳಿದದ್ದು. ಹಾಳಾದ ಕಣ್ಣು. ಇಷ್ಟು ವರ್ಷದಲ್ಲಿ ಅದಕ್ಕಾಗಿ ಒಂದು ಹನಿ ಅತ್ತಿರಲಿಲ್ಲ, ಈಗ ಅಳು ಬಂತು. ನಗುತ್ತ ನಿಂತವನ ಕೆನ್ನೆಯ ಮೇಲೆ ನೀರು ಇಳಿಯಿತು. ಆಚೆ ಉಸಿರು ಒಂದು ಸಲ ತಡೆದು ಮತ್ತೆ ಬಂತು. ಹತ್ತು ಎಂದರು. ಕಲ್ಲು ಮುಚ್ಚಿತು.

ಕೊಳವೆಯನ್ನು ಬಾಯಿಗೆ ಹಿಡಿದರು. 'ನಗು' ಎನ್ನಬೇಕು, ಅಭ್ಯಾಸವಾಗಿತ್ತು, ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಉಸಿರು ತಾಗಿದ ಮುಖದಿಂದ ಸುಳ್ಳು ಹೇಳಲು ಆಗಲಿಲ್ಲ. ಎರಡು ವರ್ಷ ಅವರು ಚಿತ್ರ ನೋಡಿ ನೋಡಿ ಹೇಳುತ್ತಿದ್ದಾರೆ, ನಾನು ಕಳ್ಳನ ಹಾಗೆ ಅವರ ಬೆನ್ನ ಮೇಲೆ ಕೂತು ಸವಾರಿ ಮಾಡುತ್ತಿದ್ದೇನೆ. ಏನು ಕಂಡಿತು ಅಂತ ತಾನೆ ಕೇಳಿದ್ದು? ಕಂಡದ್ದನ್ನೇ ಹೇಳೋಣ. ಮಣೆ ಹೋದರೆ ಹೋಗಲಿ.

"ಕತ್ತಲೆ" ಎಂದೆ.

ಗುರುಶಾಂತಪ್ಪನವರ ಕೈ ನನ್ನ ಭುಜದ ಮೇಲೆ ಬಿಗಿಯಿತು. ಕಮಲಿ "ಅಯ್ಯೋ, ಕೆಟ್ಟಿತು" ಎಂದದ್ದು ಕೇಳಿಸಿತು. ಹೊರಟುಹೋಗೋಣವೆಂದು ಮಣೆಯ ಅಂಚನ್ನು ತಡವಿಕೊಂಡೆ.

ಗಂಟೆ ಹೊಡೆಯಿತು.

ಎರಡು ಕಡೆಯ ಜನವೂ ಕೇಕೆ ಹಾಕಿದರು. ನಾನು ಅಲ್ಲೇ ಕೂತುಬಿಟ್ಟೆ. ಹಾಗಾದರೆ ಆಚೆಯೂ ಕಣ್ಣಿರಲಿಲ್ಲ. ಎಷ್ಟು ವರ್ಷದಿಂದಲೋ. ನಾನು ಅವರನ್ನು ನಂಬಿ, ಅವರು ನನ್ನನ್ನು ನಂಬಿ, ಗಾಜಿನಲ್ಲಿ ಬಂದ ಬದನೆಕಾಯಿಯನ್ನು ಇಬ್ಬರೂ ಒಮ್ಮತದಿಂದ ದೀಪ ಮಾಡಿದ್ದೆವು, ಚಪ್ಪಲಿಯನ್ನು ಬೆಂಕಿ ಮಾಡಿದ್ದೆವು, ಕಾಗೆಯನ್ನು ಸಂಜೆ ಮಾಡಿದ್ದೆವು. ಊರಿಗೆಲ್ಲ ಚೆನ್ನಾಗಿ ನೋಡುವವರು ಅಂತ ಹೆಸರು ತೆಗೆದುಕೊಂಡು ಮೊದಲ ಎಲೆಯಲ್ಲಿ ಉಂಡಿದ್ದೆವು. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಕಮಲಿ ನನ್ನ ತೋಳು ಚಿವುಟಿದಳು. "ಅಣ್ಣಾ, ದೀಪ ಎಲ್ಲ ಹತ್ಕೊಂಡ್ಬಿಟ್ಟಿವೆ. ಹಗಲು ಹತ್ತು ಗಂಟೆಗೆ!"

ಕತ್ತಲಾದರೆ ದೀಪ ಹಚ್ಚಬೇಕೆಂದು ಪೆದ್ದಣ್ಣನಿಗೆ ಗೊತ್ತು. ಮನುಷ್ಯರ ಮುಖವೇ ಕತ್ತಲೆ ಎಂದು ಊರಿನ ಅತ್ಯುತ್ತಮ ಜೋಡಿ ಅವನಿಗೆ ಈಗಷ್ಟೇ ಹೇಳಿತ್ತು. ಅವತ್ತಿನಿಂದ ಯಾರ ಮುಖ ಕಂಡರೂ ಅವನು ಅವರ ತಲೆಯ ಮೇಲಿನ ದೀಪ ಹಚ್ಚುತ್ತಾನೆ, ಅವರು ದಾಟಿದ ಮೇಲೆ ಆರಿಸುತ್ತಾನೆ. ಬೀದಿಯಲ್ಲಿ ನಡೆಯುವವರ ಜೊತೆ ದೀಪವೂ ನಡೆಯುತ್ತದೆ. ಮೊದಲ ವಾರ ಹೆಂಗಸರು ಸೆರಗು ಸರಿಮಾಡಿಕೊಂಡು ಓಡಾಡಿದರು, ಸಾಲ ಮಾಡಿದವರು ಸಂದಿಯಲ್ಲಿ ಓಡಾಡಿದರು. ಈಗ ಅದೂ ರೂಢಿಯಾಗಿದೆ. ನನಗೆ ಮಾತ್ರ ಅದರಿಂದ ದೊಡ್ಡ ಉಪಕಾರ. ದೀಪ ಹತ್ತುವಾಗ ಟಕ್ ಎಂದು ಸದ್ದಾಗುತ್ತದೆ, ಯಾರೋ ಬರುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಮಧ್ಯಾಹ್ನ ಗುರುಶಾಂತಪ್ಪನವರ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ನನಗೆ ಕಣ್ಣಿಲ್ಲ, ಆಚೆಯವರಿಗೂ ಇಲ್ಲ, ಬದನೆಕಾಯಿಯ ಪಾಪ ನಮ್ಮದೇ, ಇಬ್ಬರನ್ನೂ ಎಬ್ಬಿಸಿ ಹೊಸಬರನ್ನು ಕೂರಿಸಿ ಪೆದ್ದಣ್ಣನನ್ನು ಸರಿಮಾಡಿ ಎಂದೆ.

ಅವರು ವೀಳ್ಯದೆಲೆಗೆ ಸುಣ್ಣ ಸವರುವ ಸದ್ದು ಕೇಳಿಸಿತು.

"ಹಾಲಪ್ಪನೋರೇ, ಬದನೆಕಾಯಿ ಅಂದ್ರೆ ದೀಪ ಬರುತ್ತೆ ಅಂತ ಊರೆಲ್ಲ ಬಾಯಿಪಾಠ ಮಾಡ್ಕೊಂಡಿದೆ. ನನ್ನ ತಾಯಿಗೆ ಎಂಬತ್ತಾರು ವರ್ಷ, ಅವರೂ ಕಲ್ತಿದ್ದಾರೆ. ಈಗ ಸರಿ ಮಾಡಿದ್ರೆ ಎಲ್ಲರೂ ಮತ್ತೆ ಮೊದಲಿಂದ ಕಲೀಬೇಕು. ಅದಕ್ಕೆ ಯಾರಿಗೆ ಪುರುಸೊತ್ತಿದೆ? ಮೇಲಾಗಿ ಕಲ್ಲು ತೆಗೆದು ಗಂಟೆ ಹೊಡೆದಾಯ್ತು. ಮಣೆ ನಿಮ್ಮದು. ಸುಮ್ನೆ ಹೋಗಿ ಆಡಿ."

"ಚಿತ್ರ ಕಾಣಲ್ವಲ್ಲ ಸ್ವಾಮಿ?"

"ಕಾಣೋರು ಕೂತಿದ್ದಾರಲ್ಲ ಮೂವತ್ತೊಂಬತ್ತು ಜೋಡಿ, ಅವರೇನು ಚಿತ್ರ ನೋಡ್ತಾರಾ?" ಎಂದು ಅವರು ಎಲೆಯನ್ನು ಬಾಯಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಮಣೆಯಲ್ಲಿ ಕೂತೆ. ಗಾಜು ಬೆಚ್ಚಗಾಯಿತು. ಎಂದಿನ ಹಾಗೆ 'ನೀರು' ಎನ್ನಬೇಕಿತ್ತು. ಎನ್ನಲಾಗಲಿಲ್ಲ. ಇಷ್ಟು ದಿನ ನಡುವೆ ಒಂದು ಚಿತ್ರವಿದೆ ಎಂದುಕೊಂಡಿದ್ದೆ. ಈಗ ಅದೂ ಇಲ್ಲ, ಈಚೆ ನಾನು, ಆಚೆ ಅವರು, ಅಷ್ಟೇ. ನಿನ್ನೆ ಅಷ್ಟು ಜನರ ಎದುರು ಅವರ ಮುಖಕ್ಕೆ ಕತ್ತಲೆ ಎಂದಿದ್ದೇನೆ. ಬಂದಿದ್ದಾರೋ ಇಲ್ಲವೋ? ಅವರಿಗೂ ಒಪ್ಪಿಕೊಳ್ಳಬೇಕೆನಿಸಿ, ಅವರ ಕಡೆಯ ಮೇಲ್ವಿಚಾರಕರು ಎಬ್ಬಿಸಿಬಿಟ್ಟಿದ್ದರೆ? ಕೊಳವೆಗೆ ಬಾಯಿ ಹಚ್ಚಿ ಮೆಲ್ಲಗೆ, "ಇದ್ದೀರಾ?" ಎಂದೆ.

ನನ್ನ ಬಾಯಿ ಮುಚ್ಚುವ ಮೊದಲೇ ಗಂಟೆ ಹೊಡೆಯಿತು.

ಆ ಹೊತ್ತು ಗಾಜಿನಲ್ಲಿ ಏನಿತ್ತೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸಂಜೆ ಕಮಲಿ ಎಣ್ಣೆ ತರಲು ಹೋದಾಗ ಗೊತ್ತಾಯಿತು. ಕಿಂಡಿಯ ಬಾಗಿಲು ಮುಚ್ಚಿತ್ತಂತೆ. ಬಡಿದು "ಇದ್ದೀರಾ?" ಎಂದು ಕೂಗಿದ್ದಕ್ಕೆ ಒಂದು ಹಿತ್ತಾಳೆಯ ಬಿಂದಿಗೆ ಹೊರಗೆ ಬಂತಂತೆ. ನಮ್ಮೂರಲ್ಲಿ ಕಿಂಡಿ ಬಡಿದವರೆಲ್ಲ ಮೊದಲು ಕೇಳುವುದು ಅದನ್ನೇ. ನಮ್ಮ ಮನೆಯಲ್ಲೀಗ ಏಳು ಬಿಂದಿಗೆಗಳಿವೆ.